ತಿರುವಿಗೆ ಮೊದಲೇ ಸಿಗಬೇಕಾದ ಫಲಕ

ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯ 1974ರಲ್ಲಿ ಶುರುವಾದದ್ದು ಸರೋಜಿನಿ ನಾಯ್ಡು ಅವರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ನಲ್ಲಿ. ಇಂದು ಅದರ ಆವರಣ ಬಹಳ ವಿಶಾಲ. ಬಂಡೆ, ಕುರುಚಲು ಕಾಡು, ಕೆರೆಗಳ ನಡುವೆ ವಿಭಾಗಗಳು ಚದುರಿವೆ. ಪ್ರವೇಶಕ್ಕೆಂದು ಬೀದರಿನಿಂದ ಬಸ್ಸು ಹತ್ತಿ ಬಂದ ಹುಡುಗಿ ಇಂಥ ಗೇಟಿನ ಮುಂದೆ ನಿಂತಾಗ ಅವಳಿಗೆ ಏನು ಬೇಕು? ಫಲಕ ಯೋಜಿಸಲು ಕೂತವರು ಈ ಪ್ರಶ್ನೆಯಿಂದಲೇ ಹೊರಡಿ.

ಮೊದಲು ನಕ್ಷೆ ಹಿಡಿದು ಗೇಟಿನಿಂದ ನಡೆಯಿರಿ. ದಾರಿ ಎಲ್ಲೆಲ್ಲಿ ಕವಲೊಡೆಯುತ್ತದೋ ಅಲ್ಲಲ್ಲಿ ಗುರುತು ಹಾಕಿ. ಫಲಕ ಬೇಕಾದದ್ದು ಅಲ್ಲಿ, ಅದೂ ತಿರುವಿಗೆ ಸ್ವಲ್ಪ ಮೊದಲು. ತಿರುವು ದಾಟಿದ ಮೇಲೆ ಕಂಡ ಬಾಣದಿಂದ ಪ್ರಯೋಜನವಿಲ್ಲ. ಒಂದು ಫಲಕದಲ್ಲಿ ನಾಲ್ಕೈದು ಹೆಸರು ಸಾಕು. ಪ್ರತಿ ವಿಭಾಗವೂ ಮುಖ್ಯ ಗೇಟಿನಲ್ಲೇ ತನ್ನ ಹೆಸರು ಇರಬೇಕೆಂದು ಕೇಳುತ್ತದೆ. ಒಪ್ಪಬೇಡಿ. ಗೇಟಿನಲ್ಲಿ ಆಡಳಿತ ಭವನ, ಗ್ರಂಥಾಲಯ, ಆರೋಗ್ಯ ಕೇಂದ್ರ, ಹಾಸ್ಟೆಲುಗಳ ದಿಕ್ಕು ತೋರಿಸಿ. ವಿಭಾಗಗಳ ಹೆಸರು ಮುಂದಿನ ಕವಲಿಗಿರಲಿ.

ಅಕ್ಷರದ ಗಾತ್ರಕ್ಕೊಂದು ಸರಳ ಲೆಕ್ಕವಿದೆ: ಹತ್ತು ಮೀಟರ್ ದೂರದಿಂದ ಓದಲು ಸುಮಾರು 4ರಿಂದ 5 ಸೆಂಟಿಮೀಟರ್ ಎತ್ತರ. ಗಂಟೆಗೆ 30 ಕಿಲೋಮೀಟರ್ ವೇಗದ ಸ್ಕೂಟರ್ ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಓದಿ ನಿರ್ಧರಿಸಲು ನಾಲ್ಕು ಸೆಕೆಂಡು ಕೊಟ್ಟರೂ 33 ಮೀಟರ್ ಆಯಿತು. ಅಂದರೆ ಅಕ್ಷರ 13ರಿಂದ 16 ಸೆಂಟಿಮೀಟರ್ ಇರಬೇಕು. ನಡೆದು ಬರುವವರಿಗೆ ಇದರ ಮೂರನೇ ಒಂದು ಭಾಗವೂ ಸಾಕಾಗಬಹುದು. ಹಾಗಾಗಿ ವಾಹನದವರ ಫಲಕ ಬೇರೆ, ಕಾಲುದಾರಿಯ ಫಲಕ ಬೇರೆ.

ಈ ಊರಿನ ನಿಜವಾದ ಸವಾಲು ಲಿಪಿಗಳದು. ತೆಲಂಗಾಣದಲ್ಲಿ ಉರ್ದು ಎರಡನೆಯ ಅಧಿಕೃತ ಭಾಷೆ. ತೆಲುಗು, ಉರ್ದು, ಇಂಗ್ಲಿಷ್ ಒಂದೇ ಹಲಗೆಯಲ್ಲಿ ಕೂರಬೇಕಾಗುತ್ತದೆ. ಮೂರಕ್ಕೂ ಸಮಾನ ಪಟ್ಟಿ ಕೊಟ್ಟರೆ ಅದು ನ್ಯಾಯವಲ್ಲ. ತೆಲುಗಿನಲ್ಲಿ, ನಮ್ಮ ಕನ್ನಡದಂತೆಯೇ, ಗುಣಿತದ ಚಿಹ್ನೆ ಮೇಲಕ್ಕೇರುತ್ತದೆ, ಒತ್ತು ಕೆಳಗಿಳಿಯುತ್ತದೆ. ಇವೆಲ್ಲವನ್ನೂ ಇಂಗ್ಲಿಷಿನ ದೊಡ್ಡಕ್ಷರದ ಎತ್ತರಕ್ಕೆ ಹಿಂಡಿದರೆ ಮೂಲ ಅಕ್ಷರ ಕುಗ್ಗಿ, ಒತ್ತುಗಳು ದೂರಕ್ಕೆ ಚುಕ್ಕೆಯಂತೆ ಕಾಣುತ್ತವೆ. ಅದಕ್ಕೇ ಒತ್ತು, ಗುಣಿತಗಳನ್ನು ಬಿಟ್ಟು ಮೂಲ ಅಕ್ಷರದ ಎತ್ತರವನ್ನಷ್ಟೇ ಅಳೆಯಿರಿ. ಉರ್ದುವಿನ ನಸ್ತಾಲೀಕ್ ಬರಹ ಬಲದಿಂದ ಎಡಕ್ಕೆ ಇಳಿಜಾರಾಗಿ ಸಾಗುತ್ತದೆ. ಅದಕ್ಕೆ ಇನ್ನೂ ಹೆಚ್ಚು ಎತ್ತರ ಬೇಕು. ಇಂಗ್ಲಿಷ್ ಸಾಲನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಡಿ, ಮೊದಲಕ್ಷರ ಮಾತ್ರ ದೊಡ್ಡದಿರಲಿ. ಬ್ರಿಟನ್ನಿನ ಹೆದ್ದಾರಿ ಫಲಕಗಳನ್ನು ರೂಪಿಸಿದ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಕೂಡ ಸ್ಥಳನಾಮಗಳಿಗೆ ಇದನ್ನೇ ಆರಿಸಿಕೊಂಡರು.

ಮುದ್ರಣಕ್ಕೆ ಮೊದಲು ಆಯಾ ಭಾಷೆ ಬಲ್ಲವರಿಂದ ಓದಿಸಲೇಬೇಕು. ಫಾಂಟ್ ಕೈಕೊಟ್ಟಾಗ ತೆಲುಗಿನ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಉರ್ದುವಿನ ಅಕ್ಷರಗಳು ಒಂದಕ್ಕೊಂದು ಕೂಡದೆ ತಿರುಗುಮುರುಗಾಗುತ್ತವೆ. ತಮ್ಮ ಭಾಷೆ ಹೀಗೆ ಒಡೆದು ನಿಂತದ್ದನ್ನು ದಿನವೂ ನೋಡುವವರಿಗೆ ನೋವಾಗುತ್ತದೆ.

ಬಣ್ಣದ ಮಾತು ಚಿಕ್ಕದು: ಗಾಢ ಹಿನ್ನೆಲೆ, ಬಿಳಿ ಅಕ್ಷರ, ಹೊಳಪಿಲ್ಲದ ಮೇಲ್ಮೈ. ಬೇಸಿಗೆಯಲ್ಲಿ ಎಲೆಯುದುರಿದಾಗ ಜಾಗ ನೋಡಿ ಕಂಬ ನೆಟ್ಟರೆ ಮಳೆಗಾಲದ ಕೊಂಬೆ ಫಲಕವನ್ನು ಮುಚ್ಚೀತು. ವಿಭಾಗಗಳು ಕಟ್ಟಡ ಬದಲಿಸುತ್ತವೆ. ಒಂದೊಂದು ಹೆಸರನ್ನೂ ಬೇರೆ ಪಟ್ಟಿಯಲ್ಲಿ ಬರೆಸಿದರೆ ಅದೊಂದನ್ನೇ ಕಳಚಿ ಬದಲಾಯಿಸಬಹುದು. ಪ್ರವೇಶ ಪತ್ರದಲ್ಲಿರುವ ಹೆಸರು, ನಕ್ಷೆಯ ಹೆಸರು, ಗೋಡೆಯ ಹೆಸರು ಒಂದೇ ಇರಲಿ.

ಕಿನ್ನೀರ್, ಕ್ಯಾಲ್ವರ್ಟ್ ತಮ್ಮ ಮಾದರಿ ಫಲಕಗಳನ್ನು ಲಂಡನ್ನಿನ ಹೈಡ್ ಪಾರ್ಕಿನ ಮರಗಳಿಗೆ ಒರಗಿಸಿ ಪರೀಕ್ಷಿಸಿದ್ದರು. ನೀವೂ ಫ್ಲೆಕ್ಸಿನಲ್ಲಿ ಪೂರ್ಣ ಗಾತ್ರದ ಮಾದರಿ ಮಾಡಿಸಿ ಗುರುತು ಹಾಕಿದ ಕಡೆ ಕಟ್ಟಿ. ಕ್ಯಾಂಪಸ್ಸನ್ನು ಎಂದೂ ಕಾಣದ ಒಬ್ಬರನ್ನು ಕರೆತಂದು, ಆರೋಗ್ಯ ಕೇಂದ್ರ ಹುಡುಕಲು ಹೇಳಿ, ಮಾತಾಡದೆ ಹಿಂದೆ ನಡೆಯಿರಿ. ಅವರು ಅನುಮಾನಿಸಿ ನಿಂತ ಕಡೆಯೆಲ್ಲ ಫಲಕದ ಜಾಗವನ್ನು ಬದಲಿಸಿ, ಆಮೇಲೆ ಕಂಬಕ್ಕೆ ಗುಂಡಿ ತೋಡಿಸಿ.