ಸಂಗನಕಲ್ಲಿನ ಸೆಕೆಯಲ್ಲಿ ಐಸ್ ಬಿಡಿಸುವ ಡಬ್ಬಿ

ಫ್ರೀಜರ್‌ನಿಂದ ತೆಗೆದ ಮಾಂಸವನ್ನು ತಣ್ಣೀರಿನಲ್ಲಿಟ್ಟು ಐಸ್ ಬಿಡಿಸಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಆ ತಣ್ಣೀರನ್ನು ಎಲ್ಲಿಂದ ತರುವುದು? ಹೊರಗೆ 40 ಡಿಗ್ರಿ ದಾಟಿರುತ್ತದೆ. ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನಿಂದ ಮಧ್ಯಾಹ್ನ ಇಳಿಯುವ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ನಮ್ಮ ಸಂಗನಕಲ್ಲಿನಲ್ಲಂತೂ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು, ಕತ್ತಲಾದ ಮೇಲೂ ಝಳ ಬಿಡುತ್ತಲೇ ಇರುತ್ತವೆ. ಗಡಿಗೆಯ ನೀರು ಕುಡಿಯಲು ಹಿತ, ಆದರೆ ಅದೂ 15 ಡಿಗ್ರಿಗೆ ಇಳಿಯುವುದಿಲ್ಲ.

ಫ್ರಿಜ್, ಕೂಲರ್ ರಿಪೇರಿ ನನ್ನ ಕಸುಬು. ಬಕ್ರೀದ್ ಮುಗಿದ ವಾರದಲ್ಲಿ ಮನೆಮನೆಯ ಫ್ರೀಜರ್ ನೋಡುತ್ತೇನೆ. ತೆಳು ಕವರಿನಲ್ಲಿ ಕಟ್ಟಿ ತುರುಕಿದ ಮಟನ್ ಒಂದಕ್ಕೊಂದು ಅಂಟಿ ಕಲ್ಲುಗುಂಡಾಗಿರುತ್ತದೆ. ಬೆಳಿಗ್ಗೆ ಅದನ್ನು ಒಲೆ ಪಕ್ಕದ ಕಡಪ ಕಲ್ಲಿನ ಕಟ್ಟೆ ಮೇಲೆ ಇಟ್ಟು ಹೋದರೆ ಮಧ್ಯಾಹ್ನದ ಹೊತ್ತಿಗೆ ಮೇಲ್ಭಾಗ ಬೆಚ್ಚಗೆ, ಒಳಗೆ ಇನ್ನೂ ಐಸು. ಸುತ್ತ ಕೆಂಪು ನೀರು ಹರಿದು ಪಕ್ಕದ ಕೊತ್ತಂಬರಿ ಸೊಪ್ಪಿನವರೆಗೂ ಹೋಗಿರುತ್ತದೆ.

ಫ್ರೀಜರ್‌ನಲ್ಲಿ ಸೂಕ್ಷ್ಮಾಣುಗಳು ಸಾಯುವುದಿಲ್ಲ, ಸುಮ್ಮನಾಗುತ್ತವೆ ಅಷ್ಟೆ. 5ರಿಂದ 60 ಡಿಗ್ರಿ ನಡುವೆ ಅವಕ್ಕೆ ಜೀವ ಬರುತ್ತದೆ. ನಮ್ಮ ಬೇಸಿಗೆಯ ಅಡುಗೆಮನೆಯ ಶಾಖದಲ್ಲಿ ಕೆಲವು ಜಾತಿಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. 'ಹೆಂಗೂ ಕುದಿಸ್ತೀವಲ್ಲ' ಎನ್ನುವವರೇ ಹೆಚ್ಚು. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತದೆ ನಿಜ, ಆದರೆ ಸ್ಟೆಫಿಲೊಕಾಕಸ್‌ನಂಥವು ಆ ಹೊತ್ತಿಗಾಗಲೇ ಬಿಟ್ಟ ವಿಷ ಕುದಿಗೂ ಜಗ್ಗುವುದಿಲ್ಲ.

ಇದಕ್ಕೊಂದು ಯಂತ್ರ ಮಾಡಬೇಕೆಂದು ಹೊರಟಾಗ ಎಲ್ಲರೂ ಹೇಳಿದ್ದು ಒಂದೇ, ಬಿಸಿ ಮಾಡು, ಬೇಗ ಕರಗುತ್ತದೆ. ಮೈಕ್ರೋವೇವ್ ಮಾಡುವುದು ಅದನ್ನೇ. ಆದರೆ ಅದರ ಅಲೆಗಳನ್ನು ನೀರು ಹೀರಿದಷ್ಟು ಐಸ್ ಹೀರುವುದಿಲ್ಲ. ಅಂಚಿನಲ್ಲಿ ಒಂದಿಷ್ಟು ಕರಗಿತೋ, ಮುಂದಿನ ಶಾಖವನ್ನೆಲ್ಲ ಆ ಅಂಚೇ ನುಂಗಿ ಬೇಯಲು ಶುರುವಾಗುತ್ತದೆ, ನಡುಭಾಗ ಹಾಗೇ ಕೂತಿರುತ್ತದೆ. ಡಿಫ್ರಾಸ್ಟ್ ಗುಂಡಿ ಒತ್ತಿದರೆ ಸಾಮಾನ್ಯ ಮೈಕ್ರೋವೇವ್ ಆಗಾಗ ನಿಂತು ನಿಂತು ಓಡುವುದು ಇದಕ್ಕೇ, ಶಾಖ ಒಳಗೆ ಹರಡಲು ಬಿಡುವು ಬೇಕು. ಅಲ್ಯೂಮಿನಿಯಂ ತಟ್ಟೆಯ ಮೇಲಿಟ್ಟರೂ ಐಸ್ ಬೇಗ ಬಿಡುತ್ತದೆ. ಆದರೆ ಕರಗಿದ ಮೇಲೆ ನಿಲ್ಲಿಸುವುದು ತಟ್ಟೆಗೆ ಗೊತ್ತಿಲ್ಲ. ನಮ್ಮ ಅಡುಗೆಮನೆಯಲ್ಲಿ ಅದು ಮಾಂಸವನ್ನು 38 ಡಿಗ್ರಿಗೆ ತಂದು ಕೂರಿಸುತ್ತದೆ. ನಮ್ಮ ಕಡೆ ಶಾಖಕ್ಕೇನು ಬರ? ಯಂತ್ರ ಮಾಡಬೇಕಾದ ಕೆಲಸ ಮೇಲ್ಮೈಯನ್ನು ತಣ್ಣಗಿಡುವುದು.

ಹಾಗಂತ ಕಂಪ್ರೆಸರ್ ಕೂರಿಸಿದರೆ ಬೆಲೆ ಇನ್ನೊಂದು ಫ್ರಿಜ್‌ನಷ್ಟಾಗುತ್ತದೆ. ಲೆಕ್ಕ ಹಾಕುತ್ತಾ ಕೂತಾಗ ಹೊಳೆದದ್ದು, ತಂಪು ಮಾಂಸದೊಳಗೇ ಇದೆ. ಮೈನಸ್ 18 ಡಿಗ್ರಿಯಲ್ಲಿರುವ ಒಂದು ಕಿಲೋ ಮಟನ್ ಪೂರ್ತಿ ಐಸ್ ಬಿಡಲು ಸುಮಾರು 260 ಕಿಲೋಜೌಲ್ ಶಾಖ ಎಳೆದುಕೊಳ್ಳುತ್ತದೆ. ಅದನ್ನು 10 ಲೀಟರ್ ನೀರಿಗೆ ಹಾಕಿದರೆ ನೀರು ಆರು ಡಿಗ್ರಿ ಇಳಿದೀತು. 3 ಲೀಟರಿಗೆ ಹಾಕಿದರೆ 20 ಡಿಗ್ರಿ ಇಳಿಯುತ್ತದೆ, 30ರ ನೀರು 10ರ ಹತ್ತಿರ ಬರುತ್ತದೆ. ದೊಡ್ಡ ಬಕೆಟ್ ತುಂಬ ನೀರು ಬೇಡ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಹೀಗಾಗಿ ನನ್ನ ಡಬ್ಬಿ ನೋಡಲು ಬಡಪಾಯಿ. ಸುತ್ತ ದಪ್ಪ ಥರ್ಮಾಕೋಲ್, ಒಳಗೆ ಸ್ಟೀಲ್ ಪಾತ್ರೆ, ಮೇಲೆ ಬಿಗಿ ಮುಚ್ಚಳ, ನೀರು ತಿರುಗಿಸಲು ಕೂಲರ್ ಪಂಪು. ನೀರು ನಿಂತಿದ್ದರೆ ಮಾಂಸದ ಸುತ್ತ ತಣ್ಣನೆಯ ಪದರ ಕಟ್ಟಿಕೊಂಡು ಕೆಲಸ ನಿಧಾನವಾಗುತ್ತದೆ, ಪಂಪು ಅದನ್ನು ಒಡೆಯುತ್ತಿರುತ್ತದೆ. ಮಧ್ಯಾಹ್ನ ಟ್ಯಾಂಕಿನ ನೀರನ್ನು ನೇರ ಹಾಕಬಾರದು, ರಾತ್ರಿ ಹಿಡಿದಿಟ್ಟದ್ದು ಇಲ್ಲವೇ ಫ್ರಿಜ್ ಬಾಟಲಿಯ ನೀರು ಬೆರೆಸಿದ್ದು ಬೇಕು.

ಕಷ್ಟವಾದದ್ದು ಬೇರೆ ಕಡೆ. ನಮ್ಮ ಬೀದಿಯ ಖಾಲಾ ಡಬ್ಬಿ ನೋಡಿ ಕೇಳಿದ್ದು ಒಂದೇ ಮಾತು: "ಒಳಗ ಐಸ್ ಬಿಟ್ಟೈತೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕಪಾ?" ಕಲ್ಲಿನಂಥ ಮಾಂಸಕ್ಕೆ ಥರ್ಮಾಮೀಟರ್ ಚುಚ್ಚಲಾಗುವುದಿಲ್ಲ. ಟೈಮರ್ ಇಟ್ಟರೆ ಕರೆಂಟ್ ಹೋಗಿ ಬಂದಾಗ ಅದು ಮೊದಲಿಂದ ಎಣಿಸುತ್ತದೆ, ನಡುವೆ ಹೋದ ಹೊತ್ತಿಗೆ ಲೆಕ್ಕವೇ ಇಲ್ಲ. ಕೊನೆಗೆ ಸೆನ್ಸರನ್ನು ನೀರಲ್ಲೇ ಬಿಟ್ಟೆ. ಐಸ್ ಇರುವವರೆಗೆ ನೀರು ತಣ್ಣಗಾಗುತ್ತಾ ಹೋಗುತ್ತದೆ. ಎಳೆದುಕೊಳ್ಳಲು ಐಸ್ ಉಳಿಯದಿದ್ದಾಗ ಇಳಿಯುವುದು ನಿಂತು, ಹೊರಗಿನ ಸೆಕೆಗೆ ಮೆಲ್ಲಗೆ ಏರತೊಡಗುತ್ತದೆ. ಆ ತಿರುವಿಗೆ ಗಂಟೆ ಹೊಡೆಯಬೇಕು. ಕರೆಂಟ್ ಹೋಗಿ ಬಂದರೆ ಕೆಂಪು ದೀಪ ಹತ್ತಿ, ಕೈಯಿಂದ ಆರಿಸುವವರೆಗೂ ಉರಿಯುತ್ತಿರಬೇಕು.

ಆದರೆ ಈ ಉಪಾಯ ಮಾಂಸದ ದಪ್ಪ ಮುದ್ದೆಗೆ ನಡೆಯುವುದಿಲ್ಲ. ಕರಗಿದ ಮಾಂಸಕ್ಕಿಂತ ಐಸ್ ಆಗಿರುವ ಮಾಂಸದಲ್ಲಿ ಶಾಖ ಹೆಚ್ಚು ಸಲೀಸಾಗಿ ಹರಿಯುತ್ತದೆ. ಹೊರಗೆ ಕರಗಿದ ಪದರವೇ ಒಳಗಿನ ಐಸಿಗೆ ಕಂಬಳಿ ಹೊದಿಸುತ್ತದೆ. ದಪ್ಪ ಎರಡು ಪಟ್ಟಾದರೆ ಹೊತ್ತು ಸುಮಾರು ಮೂರೂವರೆ ಪಟ್ಟಾಗುತ್ತದೆ. ಒಂದಿಂಚಿನ ಹಾಳೆ ಒಂದು, ಒಂದೂಕಾಲು ಗಂಟೆಯಲ್ಲಿ ಬಿಟ್ಟರೆ ಎರಡಿಂಚಿನದು ಅಡುಗೆ ಹೊತ್ತನ್ನೇ ಮೀರುತ್ತದೆ. ಐಸ್ ಬಿಡಿಸುವ ಕೆಲಸ ಶುರುವಾಗುವುದು ಫ್ರೀಜರ್‌ಗೆ ಇಡುವಾಗಲೇ. ಡಬ್ಬಿಯ ಜೊತೆ ಎರಡು ಸ್ಟೀಲ್ ತಟ್ಟೆ ಕೊಡತೊಡಗಿದೆ. ಅರ್ಧ ಕಿಲೋ ಮಟನ್ ಅನ್ನು ದಪ್ಪ ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು, ತಟ್ಟೆಗಳ ನಡುವೆ ಒತ್ತಿ ಒಂದಿಂಚಿಗೆ ಚಪ್ಪಟೆ ಮಾಡಿ ಹೆಪ್ಪುಗಟ್ಟಿಸಬೇಕು. ಖಾಲಾಗೆ ಡಬ್ಬಿಗಿಂತ ಆ ತಟ್ಟೆಗಳೇ ಹಿಡಿಸಿದವು. ಫ್ರೀಜರ್‌ನಲ್ಲಿ ಜಾಗ ಉಳಿಯುತ್ತದಂತೆ.

ಇದೇ ಊರಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಡಾಲರೈಟ್ ಕಲ್ಲನ್ನು ಕೆತ್ತಿ ಕೊಡಲಿ ಮಾಡುತ್ತಿದ್ದರು. ಬಳಸುವವರ ಕೈಗೆ ಒಗ್ಗದ್ದನ್ನು ಅವರೂ ಅಲ್ಲೇ ಬಿಸಾಡಿರಬೇಕು. ನನ್ನ ಮೊದಲ ಪಂಪಿನ ಕಥೆಯೂ ಅದೇ. ಕವರಿನಿಂದ ಸೋರಿದ ರಸ ಅದರ ಜಾಲರಿಯಲ್ಲಿ ಕೂತು ನಾರುತ್ತಿತ್ತು. ಈಗ ಪಂಪು ಬಿಚ್ಚಿ ಕುದಿನೀರಲ್ಲಿ ತೊಳೆಯಲು ಬರುವಂತಿದೆ. ಪ್ರತಿ ಸಲ ನೀರು ಚೆಲ್ಲಲೇಬೇಕು.

ಹೋಟೆಲಿನವರು ಕೇಳಿದರೆ ಕೊಡುವುದಿಲ್ಲ. ಮಾಂಸ, ಕೋಳಿಯ ಐಸನ್ನು 5 ಡಿಗ್ರಿಯೊಳಗಿನ ಫ್ರಿಜ್‌ನಲ್ಲೋ ಮೈಕ್ರೋವೇವ್‌ನಲ್ಲೋ ಬಿಡಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ತಪಾಸಣೆ ಪಟ್ಟಿ ಹೇಳುತ್ತದೆ. ಹರಿಯುವ ನೀರಿನ ವಿನಾಯಿತಿ ಇರುವುದು ಸೀಗಡಿಯಂಥ ಕಡಲ ಆಹಾರಕ್ಕೆ, ಅದೂ 15 ಡಿಗ್ರಿಯೊಳಗೆ, 90 ನಿಮಿಷದೊಳಗೆ. ಮನೆಗಾದರೆ ಸೋರದ ಕವರು, ಗಂಟೆ ಹೊಡೆದ ಕೂಡಲೇ ಒಲೆ. ಇಡೀ ಕೋಳಿ ಹಿಡಿಯುವಷ್ಟು ದೊಡ್ಡ ಡಬ್ಬಿ ಮಾಡಿಕೊಡು ಅಂತ ಕುರುಗೋಡಿನಿಂದ ಒಬ್ಬರು ಬಂದಿದ್ದರು. ಅದಕ್ಕೆ ಯಂತ್ರ ಬೇಡ ಅಣ್ಣಾ, ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ, ಅಡಿಗೆ ಅಂಚಿರುವ ತಟ್ಟೆ ಇಡಿ ಎಂದು ಹೇಳಿ ಕಳಿಸಿದೆ.