ಕರೆಂಟ್ ಕೋಣೆಯೊಳಗೆ ಜೊತೆಗೊಂದು ಹಾಡು

ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಜನ ‘ಕರೆಂಟ್ ಕೊಡಿಸೋದು’ ಅಂತಾರೆ. ಆ ಹೆಸರಿಗೇ ಅರ್ಧ ಜೀವ ಹೋಗಿರುತ್ತದೆ. ಕಿರಣ ಕಣ್ಣಿಗೆ ಕಾಣದು, ಬೀಳುವಾಗ ನೋಯುವುದೂ ಇಲ್ಲ. ಕಷ್ಟವೆಂದರೆ ಎಲ್ಲರೂ ಆಚೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಒಬ್ಬರೇ ಅಲುಗದೆ ಮಲಗಿರುವುದು. ಸಾಮಾನ್ಯವಾಗಿ ವಾರಕ್ಕೆ 5 ದಿನ, ಹೀಗೆ ಎಷ್ಟೋ ವಾರ.

ಅಲ್ಲಿ ಹಾಡು ನೆರವಾಗಬಲ್ಲದು. 81 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2021ರ ಕಾಕ್ರೇನ್ ಪರಾಮರ್ಶೆ, ಸಂಗೀತದಿಂದ ಕ್ಯಾನ್ಸರ್ ಇರುವ ದೊಡ್ಡವರ ಆತಂಕ, ನೋವು, ಆಯಾಸ ತಗ್ಗಬಹುದು ಎಂದಿದೆ. ಗಡ್ಡೆಗೆ ಮಾತ್ರ ಚಿಕಿತ್ಸೆಯೇ ಬೇಕು, ಒಂದು ದಿನವೂ ತಪ್ಪಿಸಬೇಡಿ.

ಮೊದಲು ಹಾಡು ಆರಿಸಿ. ಆರಿಸಬೇಕಾದವರು ರೋಗಿ. ನಮ್ಮ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು, ತಂಬೂರಿಯಾಕಾರದ ಸಪ್ತಸ್ವರ ಮಂದಿರವಿರುವ ಊರು. ಹಾಗಂತ ಎಲ್ಲರಿಗೂ ಕಛೇರಿ ಸಂಗೀತವೇ ಹಿಡಿಸಬೇಕಿಲ್ಲ. ಇಂಥ ಕಾಯಿಲೆಗೆ ಇಂಥ ರಾಗ ಎಂಬ ವಾಟ್ಸ್‌ಆ್ಯಪ್ ಪಟ್ಟಿಗಳನ್ನು ದಯವಿಟ್ಟು ನಂಬಬೇಡಿ. ಅಜ್ಜಿಗೆ ಸೋಬಾನೆ ಪದ, ಅಪ್ಪನಿಗೆ ರಾಜ್‌ಕುಮಾರ್ ಹಾಡು, ಇನ್ನೊಬ್ಬರಿಗೆ ಶನಿವಾರದ ಭಜನೆ. ಮೊಮ್ಮಗಳು ಹಾಡಿದ್ದನ್ನೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಅದಕ್ಕಿಂತ ಬೇಕೇ?

ಚಿಕಿತ್ಸೆಗೆ ಮುಂಚೆ ಸ್ಕ್ಯಾನ್ ಮಾಡಿ ಮೈಮೇಲೆ ಗುರುತು ಹಾಕುವ ದಿನವೇ ಟೆಕ್ನಿಷಿಯನ್‌ರನ್ನು ಕೇಳಿ: “ಒಳಗೆ ಹಾಡು ಹಾಕ್ತೀರಾ ಸರ್?” ಕೆಲವು ಕಡೆ ಸ್ಪೀಕರ್ ಇರುತ್ತದೆ. ಇಯರ್‌ಫೋನನ್ನು ಅವರು ಒಪ್ಪದೆ ಹಾಕಿಕೊಳ್ಳಬೇಡಿ.

ಆಮೇಲೆ ಮನೆಯಲ್ಲಿ ಅಭ್ಯಾಸ. ಚಾಪೆಯ ಮೇಲೆ ಅಂಗಾತ ಮಲಗಿ, ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಕೈ ಇಟ್ಟುಕೊಂಡು ಹಾಡು ಕೇಳಿ. ಕಾಲು ತಾಳ ಹಾಕಿತೇ? ಆ ಹಾಡು ಒಳಗೆ ಬೇಡ. ಎದೆಯ ಭಾಗಕ್ಕೆ ಚಿಕಿತ್ಸೆಯಾದರೆ ಉಸಿರಾಟವೂ ಮುಖ್ಯ. ಅಳು ತರಿಸುವ, ಉಸಿರು ಬಿಗಿಹಿಡಿಸುವ ಹಾಡನ್ನೂ ಬಿಡಿ. ಮುಖಕ್ಕೆ ಬಿಗಿಯಾದ ಅಚ್ಚು ಹಾಕಿಸಿಕೊಳ್ಳುವವರಿಗೆ ಭಯ ಹೆಚ್ಚು. ಒಳಗಿನ ಹೊತ್ತು ಎಷ್ಟೆಂದು ಕೇಳಿಕೊಂಡು ಅಷ್ಟೇ ಉದ್ದದ ಹಾಡು ಆರಿಸಿ: ಪಲ್ಲವಿ ಮರಳಿತು, ಇನ್ನೊಂದೇ ಚರಣ ಎಂದು ಗೊತ್ತಾಗುತ್ತಿರುತ್ತದೆ. ಆದರೂ ತಡೆಯಲಾಗದಿದ್ದರೆ ಯಾವ ಸನ್ನೆ ಮಾಡಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಹೊರಗಿನವರು ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರೆ.

ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ, ಹೊಳೆನರಸೀಪುರದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವವರಿಗೆ ದಾರಿಯಲ್ಲೂ ಹಾಡು ಬೇಕಾದೀತು. ಹಿಂದಿರುಗುವಾಗ ಮಾತ್ರ ಬೇರೆಯದು ಹಾಕಿ. ವಾಕರಿಕೆ, ಸುಸ್ತಿನ ಜೊತೆ ಅಂಟಿಕೊಂಡ ಹಾಡು ಆಮೇಲೆ ಕೇಳಿದಾಗಲೂ ಆ ದಿನಗಳನ್ನೇ ನೆನಪಿಸೀತು.

ಗಂಟಲಿಗೆ ಚಿಕಿತ್ಸೆ ನಡೆಯುತ್ತಿದ್ದರೆ ದನಿಗೂಡಿಸುವ ಮುನ್ನ ವೈದ್ಯರನ್ನು ಕೇಳಿ. ಬಾಯಿ ಹುಣ್ಣು, ಚರ್ಮದ ಉರಿ ಎದ್ದರೆ ಹಾಡಿನಲ್ಲಿ ಮರೆಸಲು ಹೋಗದೆ ಅಂದೇ ಹೇಳಿ. ಇನ್ನು, “ಇವತ್ತು ಏನೂ ಬೇಡ ಕಣಪ್ಪ” ಎಂದು ರೋಗಿಯೇ ಹೇಳಿದ ದಿನ ಮೊಬೈಲ್ ಜೇಬಿನಲ್ಲೇ ಇರಲಿ, ಪಕ್ಕದಲ್ಲಿ ಸುಮ್ಮನೆ ಕೂತಿರಿ.