ಹಬ್ಬ ಮೊದಲು, ಅಡಿಕೆ ದುಡ್ಡು ಆಮೇಲೆ: ಮಲೆನಾಡಿನ ಮನೆಗಳಲ್ಲಿ ಹೊಲಿಗೆಯ ಲೆಕ್ಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಲ್ಲಿ ಶರದೃತು ಎಂದರೆ ಖರ್ಚು ಹೆಚ್ಚಿ ಕೈ ಬಿಗಿಯಾಗುವ ಕಾಲ. ಆಶ್ವಯುಜ ಮತ್ತು ಕಾರ್ತಿಕ ಮಾಸಗಳಲ್ಲಿ ನವರಾತ್ರಿ, ಭೂಮಿ ಹುಣ್ಣಿಮೆ, ದೀಪಾವಳಿ, ತುಳಸಿ ಪೂಜೆ ಒಂದರ ಹಿಂದೊಂದು ಬರುತ್ತವೆ. ಮಕ್ಕಳಿಗೆ ದಸರಾ ರಜೆ, ಮನೆಗೆ ನೆಂಟರು, ಹೆಣ್ಣುಮಕ್ಕಳು ತವರಿಗೆ ಬರುವ ದಿನಗಳೂ ಇವೇ. ಅಡಿಕೆಯ ಕೊನೆಕೊಯ್ಲು ಆಗಷ್ಟೇ ಶುರುವಾಗಿರುತ್ತದೆ. ಕೊಯ್ದ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದ ರಸ) ಬೇಯಿಸಿ, ಬಿಸಿಲಿಗೆ ಒಣಗಿಸಿ, ಆರಿಸಿ, ಮಂಡಿಗೋ ಮ್ಯಾಮ್ಕೋಸ್ ಸಹಕಾರ ಸಂಘಕ್ಕೋ ಸಾಗಿಸುವ ಹೊತ್ತಿಗೆ ದೀಪಾವಳಿ ಮುಗಿದು ಬಹಳ ದಿನಗಳಾಗಿರುತ್ತವೆ. ಕಾಫಿ ಕೊಯ್ಲು ಅದರ ಜೊತೆಜೊತೆಗೆ, ಕಾಳುಮೆಣಸು ಇನ್ನೂ ಆಮೇಲೆ. ಮಳೆಗಾಲದಲ್ಲಿ ಕೆಲಸ ಕಡಿಮೆಯಿದ್ದ ಕೂಲಿ ಕುಟುಂಬಗಳಿಗೂ ಸುಲಿತದ ಕೂಲಿ ಕೈಗೆ ಬರುವುದು ಕೊಯ್ಲು ಬಿರುಸಾದ ನಂತರವೇ. ಎಲೆಚುಕ್ಕಿ ಮತ್ತು ಹಳದಿ ಎಲೆ ರೋಗಗಳು ಫಸಲನ್ನು ತಿಂದ ತೋಟಗಳ ಮನೆಗಳಲ್ಲಿ ಈ ಬಿಗಿ ಇನ್ನಷ್ಟು ಹೆಚ್ಚು.

ಹೀಗೆ ಹಬ್ಬಕ್ಕೂ ಫಸಲಿನ ದುಡ್ಡಿಗೂ ನಡುವೆ ಬೀಳುವ ಅಂತರವನ್ನು ಹೆಚ್ಚಿನ ಮನೆಗಳು ಉದ್ರಿಯಿಂದಲೋ ಸಾಲದಿಂದಲೋ ತುಂಬುತ್ತವೆ. ಬಟ್ಟೆಯ ಖರ್ಚು ಆ ಸಾಲದ ದೊಡ್ಡ ಪಾಲು. ಮನೆಯಲ್ಲೊಂದು ಹೊಲಿಗೆ ಮೆಷಿನ್ ಇದ್ದು ಅದನ್ನು ಲೆಕ್ಕ ಹಾಕಿ ಬಳಸಿದರೆ ಈ ಪಾಲು ಚಿಕ್ಕದಾಗುತ್ತದೆ. ಮನೆಹೊಲಿಗೆಯ ನಿಜವಾದ ಬೆಲೆ ಇರುವುದು ಇಲ್ಲಿ: ದುಡ್ಡಿಲ್ಲದ ತಿಂಗಳಲ್ಲಿ ದುಡ್ಡು ಹೊರಗೆ ಹೋಗದಂತೆ ಅದು ತಡೆಯುತ್ತದೆ.

ನಾಲ್ಕು ಬಗೆಯ ಹೊಲಿಗೆ

ಮನೆಯ ಹೊಲಿಗೆಯನ್ನು ನಾಲ್ಕು ಭಾಗ ಮಾಡಬಹುದು. ಒಂದು, ದುರಸ್ತಿ: ಬಿಚ್ಚಿದ ಹೊಲಿಗೆ, ಹರಿದ ಕಂಕುಳು, ಕಿತ್ತ ಹುಕ್ಕು, ಗುಂಡಿ. ಎರಡು, ಅಳತೆ ಬದಲಾವಣೆ: ಮಗನ ಶಾಲೆಯ ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡುವುದು, ರವಿಕೆಯ ಪಕ್ಕದ ಹೊಲಿಗೆ ಬಿಟ್ಟು ಸಡಿಲಿಸುವುದು, ಅಕ್ಕನ ಲಂಗವನ್ನು ತಂಗಿಗೆ ಕಿರಿದು ಮಾಡುವುದು. ಮೂರು, ಮರುಬಳಕೆ: ಹಳೆಯ ಹತ್ತಿ ಸೀರೆಯಿಂದ ದಿಂಬಿನ ಕವರ್, ಕೈಒರೆಸು, ಕೌದಿ. ನಾಲ್ಕು, ಹೊಸ ಬಟ್ಟೆ ತಂದು ಹೊಲಿಯುವುದು: ಒಳಲಂಗ, ನೈಟಿ, ರವಿಕೆ, ಮಕ್ಕಳ ಲಂಗ.

ಹೊಲಿಗೆ ಕಲಿತವರ ಮನಸ್ಸು ಸಹಜವಾಗಿ ನಾಲ್ಕನೆಯದರ ಕಡೆಗೆ ಹೋಗುತ್ತದೆ. ಲೆಕ್ಕ ಹೇಳುವುದು ಬೇರೆ. ಒಂದು ಉದಾಹರಣೆಯನ್ನು ಹೀಗೆ ಹಾಕಿಕೊಳ್ಳಬಹುದು. ದರಗಳ ಜಾಗದಲ್ಲಿ ಓದುಗರು ತಮ್ಮ ಊರಿನ ದರ ಬರೆದುಕೊಳ್ಳಬೇಕು. ಒಳಲಂಗಕ್ಕೆ ಎರಡೂಕಾಲು ಮೀಟರ್ ಪಾಪ್ಲಿನ್, ಮೀಟರಿಗೆ 80 ರೂಪಾಯಿಯಂತೆ 180. ದಾರ, ಲಾಡಿ ಸೇರಿ 200. ಅಂಗಡಿಯ ಸಿದ್ಧ ಒಳಲಂಗ 250 ಎಂದರೆ ಉಳಿಯುವುದು 50. ಹೊಲಿಯಲು ಒಂದೂವರೆ ಗಂಟೆ ಹಿಡಿದರೆ ಗಂಟೆಗೆ ಸುಮಾರು 33 ರೂಪಾಯಿ. ಅದೇ ಶಾಲೆಯ ಪ್ಯಾಂಟಿನ ಉದ್ದ ಬಿಡಿಸಲು ದರ್ಜಿಗೆ ಕೊಡಬೇಕಾದದ್ದು 40, ಮನೆಯಲ್ಲಿ ದಾರದ ಖರ್ಚು 2, ಬೇಕಾದ ಹೊತ್ತು ಅರ್ಧ ಗಂಟೆ. ಅಂದರೆ ಗಂಟೆಗೆ 76 ರೂಪಾಯಿ.

ಹಳೆಯ ಸೀರೆಯ ಲೆಕ್ಕ ಇನ್ನೂ ಚೆನ್ನ. ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಅಗಲದ ಸೀರೆ. 18 ಇಂಚು ಅಗಲ, 27 ಇಂಚು ಉದ್ದದ ದಿಂಬಿಗೆ ಒಳಮಡಿಕೆ ಸೇರಿ 20 ಇಂಚು ಅಗಲ, 62 ಇಂಚು ಉದ್ದದ ತುಂಡು ಬೇಕು. ಸೀರೆಯ ಅಗಲದಲ್ಲಿ ಎರಡು, ಉದ್ದದಲ್ಲಿ ಮೂರು, ಒಟ್ಟು 6 ಕವರ್ ಸಿಗುತ್ತವೆ. ನಡುಭಾಗ ಸವೆದು ತೆಳುವಾಗಿದ್ದರೆ 4. ಅಂಗಡಿಯಲ್ಲಿ ಕವರ್ ಒಂದಕ್ಕೆ 80 ರೂಪಾಯಿ ಎಂದರೆ ಆರಕ್ಕೆ 480. ದಾರಕ್ಕೆ 20 ಕಳೆದರೂ 460 ಉಳಿಯಿತು. ಮೂರು ಗಂಟೆಯ ಕೆಲಸಕ್ಕೆ ಗಂಟೆಗೆ 150 ರೂಪಾಯಿಗೂ ಹೆಚ್ಚು.

ಕಾರಣ ಸರಳ. ಹೊಸ ಉಡುಪಿನ ಬೆಲೆಯಲ್ಲಿ ಬಟ್ಟೆಯದೇ ದೊಡ್ಡ ಪಾಲು, ಆ ಬಟ್ಟೆಯನ್ನು ಮನೆಯವರೂ ದುಡ್ಡು ಕೊಟ್ಟೇ ತರಬೇಕು. ಮೇಲಾಗಿ ಕಾರ್ಖಾನೆ ಒಂದೇ ಸಲಕ್ಕೆ ಸಾವಿರಾರು ತುಂಡು ಕತ್ತರಿಸುವುದರಿಂದ ಅದರ ಹೊಲಿಗೆಯ ಖರ್ಚು ತೀರಾ ಕಡಿಮೆ. ದುರಸ್ತಿಯನ್ನು ಮಾತ್ರ ಯಾವ ಕಾರ್ಖಾನೆಯೂ ಮಾಡಿಕೊಡುವುದಿಲ್ಲ. 2025ರ ಸೆಪ್ಟೆಂಬರ್ 22ರಂದು, ಆ ವರ್ಷದ ನವರಾತ್ರಿಯ ಮೊದಲ ದಿನವೇ, ಜಿಎಸ್‌ಟಿ ದರಗಳು ಬದಲಾದ ಮೇಲೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿದೆ. ಅದುವರೆಗೆ 1,000 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಮಾತ್ರ ಇದ್ದ ಶೇ 5ರ ತೆರಿಗೆ 2,500 ರೂಪಾಯಿವರೆಗಿನ ಉಡುಪುಗಳಿಗೂ ಬಂತು. ಹೊಲಿಗೆ ಮೆಷಿನ್ ಮೇಲಿನ ತೆರಿಗೆಯೂ ಶೇ 12ರಿಂದ 5ಕ್ಕೆ ಇಳಿಯಿತು. ಮೆಷಿನ್ ಅಗ್ಗವಾಯಿತು, ಜೊತೆಗೆ ಸಾವಿರದಿಂದ ಎರಡೂವರೆ ಸಾವಿರದವರೆಗಿನ ಸಿದ್ಧ ಉಡುಪೂ ಅಗ್ಗವಾಯಿತು.

ಕೆಲಸದ ಸರದಿ

ಮಲೆನಾಡಿನಲ್ಲಿ ಹೊಲಿಗೆಯ ಕೆಲಸ ಮಳೆ ಹಿಂದೆ ಸರಿದ ಕೂಡಲೇ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೆ ಬೂಷ್ಟು ಹಿಡಿದಿರುತ್ತದೆ. ಮೊದಲ ಬಿಸಿಲಿಗೆ ಎಲ್ಲವನ್ನೂ ಹೊರಗೆ ಹರವಿ ಒಣಗಿಸುವಾಗಲೇ ವಿಂಗಡಣೆಯೂ ಆಗಬೇಕು: ಹಾಗೇ ಉಡುವಂಥದ್ದು, ದುರಸ್ತಿಗೆ, ಕಿರಿಯರಿಗೆ, ಮರುಬಳಕೆಗೆ, ಅಡಿಕೆ ಕೆಲಸಕ್ಕೆ. ಕೊನೆಯ ಗುಂಪನ್ನು ಮರೆಯುವಂತಿಲ್ಲ. ಚೊಗರಿನ ಕಲೆ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಸುಲಿಯುವವರಿಗೂ ಬೇಯಿಸುವವರಿಗೂ ಗಟ್ಟಿಯಾದ ಹಳೆಯ ಅಂಗಿಗಳನ್ನು ಮೊದಲೇ ಸರಿಮಾಡಿಟ್ಟರೆ ಒಳ್ಳೆಯ ಬಟ್ಟೆಗಳು ಉಳಿಯುತ್ತವೆ. ವಿಂಗಡಣೆ ಮುಗಿದ ಮೇಲೆಯೇ ಹಬ್ಬಕ್ಕೆ ಏನು ಕೊಳ್ಳಬೇಕು ಎಂಬ ಪಟ್ಟಿ ಬರೆಯಬೇಕು. ಈ ಅಂಕಣ ಬರೆಯುವವರ ಮನೆಯಲ್ಲಿ ಈ ಕ್ರಮ ವರ್ಷಗಳಿಂದ ನಡೆದಿದೆ. ಪೆಟ್ಟಿಗೆ ತೆರೆಯುವ ಮೊದಲು ಮಾಡಿದ ಪಟ್ಟಿಗಿಂತ ತೆರೆದ ಮೇಲೆ ಮಾಡಿದ ಪಟ್ಟಿ ಯಾವಾಗಲೂ ಚಿಕ್ಕದು ಎಂಬುದನ್ನು ಆ ಮನೆಯ ಲೆಕ್ಕದ ಪುಸ್ತಕವೇ ತೋರಿಸುತ್ತದೆ.

ನಂತರದ್ದು ಮೆಷಿನ್‌ನ ಆರೈಕೆ. ಮಹಾನವಮಿಯ ಆಯುಧ ಪೂಜೆಗೆ ಮೆಷಿನ್‌ಗೂ ಅರಿಶಿನ, ಕುಂಕುಮ, ಹೂವು ಸಲ್ಲುತ್ತದೆ. ಪೂಜೆಗೆಂದು ಒರೆಸುವ ಹೊತ್ತಿನಲ್ಲೇ ವರ್ಷದ ದುರಸ್ತಿಯನ್ನೂ ಮುಗಿಸುವ ಪದ್ಧತಿ ಒಳ್ಳೆಯದು. ಪಾದದ ಕೆಳಗಿನ ತಗಡು ಬಿಚ್ಚಿ ಹಲ್ಲುಗಳ ನಡುವಿನ ನೂಲಿನ ಧೂಳು ತೆಗೆಯಬೇಕು. ಮಳೆಗಾಲದಲ್ಲಿ ಬಾಬಿನ್ ಕೇಸಿಗೆ ಹಿಡಿದ ತುಕ್ಕನ್ನು ಒರೆಸಬೇಕು. ಮೆಷಿನ್ ಎಣ್ಣೆಯನ್ನೇ ಬಿಡಬೇಕು. ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಅಂಟಾಗುತ್ತದೆ. ಎಣ್ಣೆ ಬಿಟ್ಟ ಮೇಲೆ ಮೊದಲು ಚಿಂದಿಯ ಮೇಲೆ ಓಡಿಸಬೇಕು. ಸಡಿಲವಾದ ಚರ್ಮದ ಬೆಲ್ಟನ್ನು ತುಸು ಕತ್ತರಿಸಿ ಮತ್ತೆ ಕೂಡಿಸಿದರೆ ಸಾಕು, ಹೊಸದು ಬೇಕಾಗಿಲ್ಲ. ತೆಳು ಬಟ್ಟೆಗೆ 11, ಪಾಪ್ಲಿನ್ ಮತ್ತು ಸಾದಾ ಹತ್ತಿಗೆ 14, ಜೀನ್ಸಿಗೆ 16ನೇ ನಂಬರಿನ ಸೂಜಿ ಎಂಬುದನ್ನು ಪಾಲಿಸಿದರೆ ಸೂಜಿ ಮುರಿಯುವುದೂ ಹೊಲಿಗೆ ಹಾರುವುದೂ ಬಹುಪಾಲು ತಪ್ಪುತ್ತದೆ.

ದಸರಾ ರಜೆ ಮಕ್ಕಳಿಗೆ ಕಲಿಸುವ ಕಾಲ. ಗುಂಡಿ ಹಾಕುವುದು, ಹೆಮ್ಮಿಂಗ್, ಬಿಚ್ಚಿದ ಹೊಲಿಗೆಯನ್ನು ಕೈಯಲ್ಲೇ ಕೂಡಿಸುವುದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬರಬೇಕಾದ ವಿದ್ಯೆ. ಮುಂದೆ ಓದಿಗೆಂದು ಹಾಸ್ಟೆಲ್ ಸೇರುವ ಮಕ್ಕಳಿಗೆ ಇದರಿಂದ ಆಗುವ ಉಳಿತಾಯ ನಿಜವಾದ ಉಳಿತಾಯ.

ಕೊಯ್ಲಿಗೆ ಮೊದಲು ಗೋಣಿಚೀಲ, ಟಾರ್ಪಾಲುಗಳ ಸರದಿ. ಹರಿದ ಚೀಲಗಳನ್ನು ದಬ್ಬಣ ಮತ್ತು ಸಣಬಿನ ದಾರದಿಂದ ಕೈಯಲ್ಲೇ ಹೊಲಿಯಬೇಕು. ಮನೆಯ ಮೆಷಿನ್‌ಗೆ ಗೋಣಿ ಕೊಟ್ಟರೆ ಸೂಜಿ ಉಳಿಯುವುದಿಲ್ಲ. ಚಳಿಗಾಲದ ಕೌದಿಗೂ ಇದೇ ಸಮಯ. ಮೂರ್ನಾಲ್ಕು ಹಳೆಯ ಹತ್ತಿ ಸೀರೆಗಳನ್ನು ಪದರವಾಗಿ ಹಾಸಿ ಕೈಹೊಲಿಗೆ ಹಾಕಿದರೆ ಮಾರ್ಗಶಿರದ ಚಳಿಗೆ ಹೊದಿಕೆ ಸಿದ್ಧ.

ಸುಲಿತ ಶುರುವಾದ ಮೇಲೆ ಲೆಕ್ಕವೇ ತಿರುಗುತ್ತದೆ. ಆಗ ಒಂದು ಗಂಟೆಯ ಹೊಲಿಗೆಯ ಬೆಲೆ ಎಂದರೆ ಮೆಟ್ಟುಗತ್ತಿಯ ಮುಂದೆ ಕೂತಿದ್ದರೆ ಸಿಗುತ್ತಿದ್ದ ಒಂದು ಗಂಟೆಯ ಕೂಲಿ. ಸುಲಿತದಲ್ಲಿ ಗಂಟೆಗೆ 60 ರೂಪಾಯಿ ಸಿಗುವುದಾದರೆ, ಮೇಲಿನ ಲೆಕ್ಕದಂತೆ ಗಂಟೆಗೆ 33 ರೂಪಾಯಿ ಉಳಿಸುವ ಒಳಲಂಗವನ್ನು ಅಂಗಡಿಯಿಂದಲೇ ತರಬೇಕು, ಪ್ಯಾಂಟಿನ ಉದ್ದವನ್ನು ಮನೆಯಲ್ಲೇ ಬಿಡಿಸಬೇಕು. ಕೂಲಿಗೆ ಹೋಗದ ಮನೆಯಲ್ಲೂ ಸ್ವಂತ ಅಡಿಕೆ ಸುಲಿಯಲು ಒಂದು ಕೈ ಕಡಿಮೆಯಾದರೆ ಹೊರಗಿನವರಿಗೆ ಕೂಲಿ ಕೊಡಬೇಕಾಗುತ್ತದೆ. ಮನೆಯ ಹೆಂಗಸರ ಸಮಯಕ್ಕೆ ಬೆಲೆಯಿಲ್ಲ ಎಂದು ತಿಳಿದು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ.

ಮೆಷಿನ್ ಕೊಳ್ಳುವ ಮೊದಲು

ಕಾಲಿನಲ್ಲಿ ತುಳಿಯುವ ಸಾದಾ ಮೆಷಿನ್ ನೇರ ಹೊಲಿಗೆ ಮಾತ್ರ ಹಾಕುತ್ತದೆ. ಮನೆಯ ಬಹುಪಾಲು ಕೆಲಸಕ್ಕೆ ಅಷ್ಟು ಸಾಕು. ಗಾಳಿಮಳೆಗೆ ಕರೆಂಟು ಹೋಗುವ ಮಲೆನಾಡಿನಲ್ಲಿ ಅದು ನಿಲ್ಲುವುದಿಲ್ಲ ಎಂಬುದು ದೊಡ್ಡ ಅನುಕೂಲ. ಬೇಕೆಂದಾಗ ಮೋಟಾರ್ ಕೂಡಿಸಿಕೊಳ್ಳಲೂಬಹುದು. ಸೀರೆಯ ಅಂಚಿಗೆ ಜಿಗ್‌ಜಾಗ್ ಹಾಕಲು ಬೇರೆ ಮೆಷಿನ್ ಬೇಕು. ಅದಕ್ಕಾಗಿಯೇ ದುಬಾರಿ ಮೆಷಿನ್ ಕೊಳ್ಳುವುದಕ್ಕಿಂತ ಆ ಕೆಲಸವನ್ನು ಪೇಟೆಯ ಅಂಗಡಿಗೆ ಕೊಡುವುದು ಲೇಸು.

ಸಾದಾ ಮೆಷಿನ್‌ಗೆ 9,000 ರೂಪಾಯಿ ಬಿತ್ತು, 15 ವರ್ಷ ಬಾಳಿತು ಎಂದು ಹಿಡಿದರೆ ವರ್ಷಕ್ಕೆ 600. ಸೂಜಿ, ಎಣ್ಣೆ, ರಿಪೇರಿಗೆ 400 ಸೇರಿಸಿದರೆ ವರ್ಷಕ್ಕೆ 1,000. ಅಂದರೆ ಮೆಷಿನ್ ವರ್ಷಕ್ಕೆ ಸಾವಿರ ರೂಪಾಯಿ ಉಳಿಸಿಕೊಟ್ಟರೆ ಅದರ ಖರ್ಚು ಹುಟ್ಟಿತು. ಮೇಲಿನ ದರಗಳಲ್ಲಿ ಒಂದು ಸೀರೆಯ ದಿಂಬಿನ ಕವರ್‌ಗಳು 460, ಹತ್ತು ಪ್ಯಾಂಟು ಲಂಗಗಳ ಉದ್ದ ಬಿಡಿಸಿದ್ದು 380, ಮೂರು ಒಳಲಂಗ 150, ಒಟ್ಟು 990, ಹೆಚ್ಚುಕಡಿಮೆ ಆ ಸಾವಿರವೇ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇಷ್ಟು ಕೆಲಸ ಇದ್ದೇ ಇರುತ್ತದೆ. ಇಬ್ಬರೇ ಇರುವ ಮನೆಯಲ್ಲಿ ಇಲ್ಲದಿರಬಹುದು. ಅಂಥವರಿಗೆ ಅಕ್ಕಪಕ್ಕದ ಮನೆಯ ಮೆಷಿನ್ ಅಥವಾ ಊರಿನ ದರ್ಜಿಯೇ ಸರಿ.

ಕೊಳ್ಳುವ ದಾರಿಯೂ ಮುಖ್ಯ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯ ನಾಲ್ಕೈದು ಕಂತುಗಳನ್ನು ಕೂಡಿಟ್ಟರೆ ಇಂಥ ಮೆಷಿನ್‌ನ ಬೆಲೆ ಆಗುತ್ತದೆ. ಕಂತಿನ ಸಾಲ ಮಾಡುವವರು ಬಡ್ಡಿಯ ಬಗೆಯನ್ನು ಕೇಳಲೇಬೇಕು. 10,000 ರೂಪಾಯಿ ಸಾಲಕ್ಕೆ ಶೇ 12ರ ಫ್ಲಾಟ್ ಬಡ್ಡಿ ಎಂದರೆ ವರ್ಷಕ್ಕೆ 1,200 ಬಡ್ಡಿ ಸೇರಿಸಿ ತಿಂಗಳಿಗೆ 933 ರೂಪಾಯಿಯಂತೆ ವಸೂಲು ಮಾಡುತ್ತಾರೆ. ಅಸಲು ತಿಂಗಳು ತಿಂಗಳೂ ತೀರುತ್ತಿದ್ದರೂ ಬಡ್ಡಿ ಪೂರ್ತಿ ಹತ್ತು ಸಾವಿರದ ಮೇಲೆಯೇ ಬೀಳುವುದರಿಂದ ನಿಜವಾದ ದರ ಶೇ 21ನ್ನು ದಾಟುತ್ತದೆ. ಉಳಿಕೆ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಸಂಘ ಅಥವಾ ಬ್ಯಾಂಕನ್ನೇ ಆರಿಸಬೇಕು.

ಹೊಲಿಗೆಯನ್ನೇ ಕಸುಬಾಗಿ ಮಾಡುತ್ತಿರುವವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ಅದರಲ್ಲಿರುವ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ನಂತರ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿವರೆಗೆ ಸಾಲ ಸಿಗುತ್ತದೆ. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ಸರ್ಕಾರಿ ನೌಕರರ ಕುಟುಂಬಕ್ಕೆ ಇಲ್ಲ. ಕಲಿಯಲೇಬೇಕೆನ್ನುವವರಿಗೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿಯೊಂದಿಗೆ ಉಚಿತ ತರಬೇತಿ ನೀಡುತ್ತದೆ.

ಹೊರಗಿನ ಕೆಲಸ ಹಿಡಿಯುವವರಿಗೆ

ಮನೆಯ ಕೆಲಸ ಮುಗಿದ ಮೇಲೆ ಅಕ್ಕಪಕ್ಕದವರ ಸೀರೆಗೆ ಫಾಲ್ ಹಾಕುವುದು, ಕುಚ್ಚು ಕಟ್ಟುವುದು, ರವಿಕೆಗೆ ಹೆಮ್ಮಿಂಗ್ ಮಾಡುವುದು ಸಣ್ಣ ಆದಾಯದ ದಾರಿ. ಕುಚ್ಚಿಗೂ ಹೆಮ್ಮಿಂಗಿಗೂ ಮೆಷಿನ್ನೇ ಬೇಡ. ದೀಪಾವಳಿಗೆ ಮೊದಲು ಬೇಡಿಕೆ ಏರುತ್ತದೆ, ತುಳಸಿ ಪೂಜೆ ಕಳೆದು ಮದುವೆಗಳು ಶುರುವಾದಾಗ ಮತ್ತೆ ಏರುತ್ತದೆ. ಕೂಲಿ ಹೇಳುವಾಗ ದಾರ, ಲೈನಿಂಗ್, ಮೆಷಿನ್‌ನ ಸವೆತ, ತಗಲುವ ಗಂಟೆಗಳು ಎಲ್ಲವನ್ನೂ ಸೇರಿಸಬೇಕು. ಸಾಮಾನು ತರಲು ಪೇಟೆಗೆ ಹೋಗಿಬರುವ ಖರ್ಚೂ ಸೇರಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಹೆಂಗಸರಿಗಿರುವ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸನ್ನೇ ನಂಬಿದ ಊರುಗಳಲ್ಲಿ ಪ್ರತಿ ಸಲವೂ ಟಿಕೆಟ್ ತೆಗೆಯಲೇಬೇಕು. ಆದ್ದರಿಂದ ದಾರ, ಹುಕ್ಕು, ಕ್ಯಾನ್ವಾಸ್, ಫಾಲ್‌ಗಳನ್ನು ಸಂತೆಯ ದಿನ ಒಟ್ಟಿಗೇ ತರುವುದು ಒಳ್ಳೆಯದು.

ಹತ್ತಾರು ಜನ ಹೆಂಗಸರು ಒಟ್ಟಾದರೆ ಏನಾಗಬಲ್ಲದು ಎಂಬುದಕ್ಕೆ ಮಲೆನಾಡಿನಲ್ಲೇ ಮಾದರಿಯಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘದಲ್ಲಿ ನೇಯ್ಗೆ, ಬಣ್ಣ, ಹೊಲಿಗೆ ಮೂರೂ ನಡೆಯುತ್ತವೆ. ಅಡಿಕೆ ಮನೆಗಳಲ್ಲಿ ಬಟ್ಟೆ ಕೆಡಿಸುವ ಅದೇ ಚೊಗರು ಅಲ್ಲಿ ಬಟ್ಟೆಗೆ ಹಾಕುವ ಸಹಜ ಬಣ್ಣ. ಒಬ್ಬೊಬ್ಬರೇ ಕೂತು ಹೊಲಿದರೆ ಸಿಗುವುದು ಕೂಲಿ. ಸಂಘ ಕಟ್ಟಿದರೆ ಮಾರುಕಟ್ಟೆಯೂ ಸಿಗುತ್ತದೆ.

ಲೆಕ್ಕ ಇಡುವ ಬಗೆ

ಕೊನೆಯದಾಗಿ ಪುಸ್ತಕ. ಒಂದು ಪುಟದ ಎಡಭಾಗದಲ್ಲಿ ಬಟ್ಟೆ, ದಾರ, ರಿಪೇರಿಯ ಖರ್ಚು. ಬಲಭಾಗದಲ್ಲಿ ಮನೆಯಲ್ಲೇ ಆದ ಪ್ರತಿ ಕೆಲಸಕ್ಕೆ ಹೊರಗೆ ಕೊಡಬೇಕಾಗಿದ್ದ ದುಡ್ಡು. ಹೊರಗಿನಿಂದ ಬಂದ ಕೂಲಿಗೆ ಬೇರೆಯೇ ಪುಟ. ಎರಡನ್ನೂ ಬೆರೆಸಿದರೆ ಯಾವುದು ಉಳಿತಾಯ, ಯಾವುದು ಆದಾಯ ಎಂದು ತಿಳಿಯುವುದಿಲ್ಲ. ಹೊಲಿಗೆ ಬಿಟ್ಟು ಅಂಗಡಿಯಿಂದ ತಂದದ್ದನ್ನೂ ಕಾರಣದೊಂದಿಗೆ ಬರೆದರೆ ಮುಂದಿನ ವರ್ಷದ ನಿರ್ಧಾರ ಸುಲಭವಾಗುತ್ತದೆ. ಅಡಿಕೆ ದುಡ್ಡು ಬಂದ ದಿನ ಬಲಭಾಗದ ಮೊತ್ತದಲ್ಲಿ ಎಡಭಾಗದ್ದನ್ನು ಕಳೆದು, ಉಳಿದಷ್ಟನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನ ಆರ್‌ಡಿ ಖಾತೆಗೆ ಹಾಕಲು ಶುರುಮಾಡಿದರೆ ಮುಂದಿನ ಆಶ್ವಯುಜದ ಹಬ್ಬದ ಬಟ್ಟೆಗೆ ಉದ್ರಿ ಬರೆಸುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.